ಸೆಲೆಸ್ತೆನ್ ಫ್ರೆನೆ

ಸೆಲೆಸ್ತೆನ್ ಫ್ರೆನೆ (15 ಅಕ್ಟೋಬರ್ 1896 – 8 ಅಕ್ಟೋಬರ್ 1966) ಫ್ರಾನ್ಸ್ ದೇಶದ ಪ್ರಾಥಮಿಕ ಶಾಲಾ ಶಿಕ್ಷಕರು, ಶಿಕ್ಷಣ ಚಿಂತಕರು ಹಾಗೂ ಶಿಕ್ಷಕರ ಸಹಕಾರಿ ಚಳವಳಿಯೊಂದರ ಸ್ಥಾಪಕರು. ತರಗತಿಯೊಳಗೆ ಮುದ್ರಣ ಯಂತ್ರವನ್ನು ತಂದವರು, ಮಕ್ಕಳ ಸ್ವತಂತ್ರ ಬರವಣಿಗೆಗೆ ಪಾಠದಲ್ಲಿ ಮುಖ್ಯ ಸ್ಥಾನ ಕೊಟ್ಟವರು, ಶಾಲೆ ಶಾಲೆಗಳ ನಡುವೆ ಪತ್ರವ್ಯವಹಾರವನ್ನು ಬೆಳೆಸಿದವರು ಎಂದು ಇವರು ಪ್ರಸಿದ್ಧರಾಗಿದ್ದಾರೆ. ಆದರೆ ಈ ವಿಧಾನಗಳು ಒಬ್ಬ ವ್ಯಕ್ತಿಯ ಏಕಾಂತ ಚಿಂತನೆಯ ಫಲವಲ್ಲ. ದೂರದೂರದ ಹಳ್ಳಿಗಳಲ್ಲಿ ಕೆಲಸ ಮಾಡುತ್ತಿದ್ದ ಸಾಮಾನ್ಯ ಶಿಕ್ಷಕರು ಅಂಚೆಯ ಮೂಲಕ, ಪತ್ರಿಕೆಯ ಮೂಲಕ ಮತ್ತು ವಾರ್ಷಿಕ ಸಮಾವೇಶಗಳ ಮೂಲಕ ಪರಸ್ಪರ ಕಲಿತು ರೂಪಿಸಿದ ವಿಧಾನಗಳಿವು. ವೃತ್ತಿಬಾಂಧವರ ಒಡನಾಟದಿಂದ ಶಿಕ್ಷಕನು ಹೇಗೆ ಬೆಳೆಯಬಲ್ಲನೆಂಬುದಕ್ಕೆ ಫ್ರೆನೆ ಅವರ ಜೀವನವು ಒಂದು ಮುಖ್ಯ ನಿದರ್ಶನವಾಗಿದೆ.

ಜನನ ಮತ್ತು ಬಾಲ್ಯ

ಫ್ರೆನೆ ಅವರು ಆಗ್ನೇಯ ಫ್ರಾನ್ಸಿನ ಆಲ್ಪ್-ಮಾರಿಟೀಮ್ ಜಿಲ್ಲೆಯ ಗಾರ್ಸ್ ಎಂಬ ಸಣ್ಣ ಬೆಟ್ಟದ ಹಳ್ಳಿಯಲ್ಲಿ ರೈತ ಕುಟುಂಬವೊಂದರಲ್ಲಿ ಜನಿಸಿದರು. ಹೊಲದ ಕೆಲಸ, ಕುರಿ ಕಾಯುವುದು, ತೊರೆಯ ದಡದ ಆಟ ಇವುಗಳ ನಡುವೆ ಇವರ ಬಾಲ್ಯ ಕಳೆಯಿತು. ಮುಂದೆ ಇವರ ಬರಹಗಳಲ್ಲಿ ಬರುವ ಹೋಲಿಕೆಗಳು ಬಹುಮಟ್ಟಿಗೆ ಈ ಗ್ರಾಮೀಣ ಬದುಕಿನಿಂದಲೇ ಆಯ್ದವು. 1912ರಲ್ಲಿ ಇವರು ನೀಸ್ ನಗರದ ಶಿಕ್ಷಕರ ತರಬೇತಿ ಶಾಲೆಯನ್ನು ಸೇರಿದರು. ಆದರೆ ಮೊದಲ ಮಹಾಯುದ್ಧವು ಆರಂಭವಾಗಿ ವ್ಯಾಸಂಗಕ್ಕೆ ಅಡ್ಡಿಯಾಯಿತು.

1915ರಲ್ಲಿ ಸೈನ್ಯಕ್ಕೆ ಕರೆಬಂದ ಇವರು 1917ರ ಅಕ್ಟೋಬರ್ ತಿಂಗಳಲ್ಲಿ ಶೆಮೆನ್ ದೆ ದಾಮ್ ರಣರಂಗದಲ್ಲಿ ಎದೆಗೆ ಗುಂಡೇಟು ತಗುಲಿ ತೀವ್ರವಾಗಿ ಗಾಯಗೊಂಡರು. ಆಸ್ಪತ್ರೆಗಳಲ್ಲಿ ದೀರ್ಘಕಾಲ ಚಿಕಿತ್ಸೆ ಪಡೆದರೂ ಶ್ವಾಸಕೋಶದ ದೌರ್ಬಲ್ಯವು ಇವರನ್ನು ಪೂರ್ಣವಾಗಿ ಬಿಡಲಿಲ್ಲ. ಗಾಯಾಳುವಿನ ಅನುಭವಗಳನ್ನು ಕುರಿತು ಬರೆದ ಪುಟ್ಟ ಪುಸ್ತಕವೊಂದು 1920ರಲ್ಲಿ ಪ್ರಕಟವಾಯಿತು.

ಬಾರ್-ಸುರ್-ಲೂ ಶಾಲೆ

1920ರ ಜನವರಿಯಲ್ಲಿ ಫ್ರೆನೆ ಅವರು ಬಾರ್-ಸುರ್-ಲೂ ಎಂಬ ಗ್ರಾಮದ ಎರಡು ತರಗತಿಗಳ ಶಾಲೆಗೆ ಸಹಶಿಕ್ಷಕರಾಗಿ ನೇಮಕಗೊಂಡರು. ಅಂದಿನ ಫ್ರೆಂಚ್ ಶಾಲೆಯಲ್ಲಿ ಶಿಕ್ಷಕರು ವೇದಿಕೆಯ ಮೇಲೆ ನಿಂತು ಗಟ್ಟಿಯಾಗಿ ಪಾಠ ಹೇಳುವುದೂ ಮಕ್ಕಳು ಪಠ್ಯಪುಸ್ತಕವನ್ನು ಸಾಲುಸಾಲಾಗಿ ಓದುವುದೂ ರೂಢಿಯಾಗಿತ್ತು. ಮುಚ್ಚಿದ ಕೋಣೆಯಲ್ಲಿ ಕೆಲವು ನಿಮಿಷ ಮಾತನಾಡುವಷ್ಟರಲ್ಲಿ ಇವರಿಗೆ ಉಸಿರು ಕಟ್ಟುತ್ತಿತ್ತು. ಹೊಸ ಮಾರ್ಗವನ್ನು ಹುಡುಕುವುದಕ್ಕೆ ಇದೊಂದೇ ಕಾರಣವಲ್ಲದಿದ್ದರೂ ಇದೂ ಒಂದು ಕಾರಣವಾಯಿತು.

ಇವರು ಮಕ್ಕಳನ್ನು ಮಧ್ಯಾಹ್ನದ ಹೊತ್ತಿನಲ್ಲಿ ಊರ ಸುತ್ತ ಕರೆದುಕೊಂಡು ಹೋಗತೊಡಗಿದರು. ನೇಕಾರನ ಮಗ್ಗ, ಬಡಗಿಯ ಕೆಲಸ, ಆಲಿವ್ ತೋಪು, ಹಳ್ಳದ ನೀರು ಇವೆಲ್ಲ ಪಾಠದ ವಸ್ತುಗಳಾದವು. ನಡಿಗೆಯಲ್ಲಿ ಮಕ್ಕಳು ಉತ್ಸಾಹದಿಂದ ಮಾತನಾಡುತ್ತಿದ್ದರು. ಮರಳಿ ಬಂದು ಪಠ್ಯಪುಸ್ತಕವನ್ನು ತೆರೆದ ಕೂಡಲೇ ಆ ಉತ್ಸಾಹ ಇಳಿದುಹೋಗುತ್ತಿತ್ತು. ಹೊರಗಿನ ಜೀವನಕ್ಕೂ ಒಳಗಿನ ಓದಿಗೂ ನಡುವೆ ಇರುವ ಈ ಬಿರುಕನ್ನು ಮುಚ್ಚುವ ಬಗೆ ಯಾವುದೆಂಬುದೇ ಇವರ ಪ್ರಶ್ನೆಯಾಯಿತು.

ಉತ್ತರಕ್ಕಾಗಿ ಇವರು ರೂಸೋ, ಪೆಸ್ತಾಲೋಜ್ಜಿ, ಫೆರ್ಯೇರ್ ಮೊದಲಾದವರ ಕೃತಿಗಳನ್ನು ಅಭ್ಯಾಸ ಮಾಡಿದರು. 1922ರಲ್ಲಿ ಜರ್ಮನಿಯ ಹ್ಯಾಂಬರ್ಗ್ ಪ್ರದೇಶದ ಪ್ರಾಯೋಗಿಕ ಶಾಲೆಗಳನ್ನು ಕಂಡುಬಂದರು. 1923ರಲ್ಲಿ ಸ್ವಿಟ್ಜರ್ಲೆಂಡಿನ ಮಾಂತ್ರೆಯಲ್ಲಿ ನಡೆದ ನವಶಿಕ್ಷಣ ಸಮ್ಮೇಳನದಲ್ಲಿ ಭಾಗವಹಿಸಿದರು. ಅಲ್ಲಿ ಪ್ರಸಿದ್ಧ ಪಂಡಿತರ ಉಪನ್ಯಾಸಗಳನ್ನು ಕೇಳಿ ಪ್ರಭಾವಿತರಾದರೂ ಊರಿಗೆ ಮರಳಿದ ಮೇಲೆ ಇವರ ಒಂಟಿತನ ಹೆಚ್ಚಿತು. ಸಮ್ಮೇಳನದಲ್ಲಿ ಚರ್ಚಿತವಾದ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕಡಿಮೆ, ಸಲಕರಣೆಗಳು ಹೇರಳ. ಬಡ ಹಳ್ಳಿಯ ತುಂಬಿದ ತರಗತಿಗೆ ಆ ವಿಧಾನಗಳನ್ನು ಹಾಗೆಯೇ ತರುವಂತಿರಲಿಲ್ಲ. ತಮ್ಮಂಥದೇ ಸ್ಥಿತಿಯಲ್ಲಿ ದುಡಿಯುವ ಶಿಕ್ಷಕರ ಜೊತೆ ವಿಚಾರ ವಿನಿಮಯವಾಗಬೇಕೆಂಬ ಅಗತ್ಯವನ್ನು ಇವರು ಆಗ ಮನಗಂಡರು. ಗ್ರಾಮದ ರೈತರಿಗಾಗಿ ಸಹಕಾರ ಸಂಘವೊಂದನ್ನು ಕಟ್ಟುವ ಕೆಲಸದಲ್ಲಿಯೂ ಇವರು ಇದೇ ಕಾಲದಲ್ಲಿ ತೊಡಗಿದ್ದರು. ಸಹಕಾರ ತತ್ತ್ವವನ್ನು ಶಿಕ್ಷಕರಿಗೂ ಅನ್ವಯಿಸುವ ಆಲೋಚನೆಗೆ ಈ ಅನುಭವವು ನೆರವಾಯಿತು.

ತರಗತಿಯಲ್ಲಿ ಮುದ್ರಣ ಯಂತ್ರ

1924ರಲ್ಲಿ ಫ್ರೆನೆ ಅವರು ಸಣ್ಣದೊಂದು ಕೈಮುದ್ರಣ ಯಂತ್ರವನ್ನು ಕೊಂಡು ತರಗತಿಯಲ್ಲಿ ಇರಿಸಿದರು. ಕೆಲಸದ ಕ್ರಮ ಸರಳವಾಗಿತ್ತು. ಮಕ್ಕಳು ತಾವು ಕಂಡದ್ದನ್ನು ಅಥವಾ ಅನುಭವಿಸಿದ್ದನ್ನು ಹೇಳುವರು ಇಲ್ಲವೆ ಬರೆಯುವರು. ತರಗತಿಯು ಒಂದು ಬರಹವನ್ನು ಆರಿಸುವುದು. ಅದನ್ನು ಕಪ್ಪುಹಲಗೆಯ ಮೇಲೆ ಬರೆದು ಎಲ್ಲರೂ ಸೇರಿ ತಿದ್ದುವರು. ಬಳಿಕ ಮಕ್ಕಳೇ ಅಚ್ಚಿನ ಮೊಳೆಗಳನ್ನು ಜೋಡಿಸಿ, ಶಾಯಿ ಹಚ್ಚಿ, ಹಾಳೆಗಳನ್ನು ಮುದ್ರಿಸುವರು. ಪ್ರತಿಯೊಬ್ಬನೂ ಆ ಹಾಳೆಗಳನ್ನು ಒಟ್ಟುಗೂಡಿಸಿದಾಗ ಅದೇ ಅವನ ಓದಿನ ಪುಸ್ತಕವಾಗುವುದು.

ಇದರಿಂದ ಕಾಗುಣಿತ ಮತ್ತು ವ್ಯಾಕರಣಗಳಿಗೆ ಅರ್ಥ ಬಂದಿತು. ಒಂದು ಮೊಳೆ ತಲೆಕೆಳಗಾದರೂ ಎಲ್ಲ ಪ್ರತಿಗಳಲ್ಲೂ ತಪ್ಪು ಕಾಣುತ್ತಿದ್ದುದರಿಂದ ತಿದ್ದುವ ಎಚ್ಚರವು ಮಕ್ಕಳಲ್ಲಿ ತಾನಾಗಿ ಬೆಳೆಯಿತು. ಆದರೆ ಮುದ್ರಿತವಾದ ಪುಟಕ್ಕೆ ಆ ತರಗತಿಯ ಹೊರಗೆ ಓದುಗನಿರಲಿಲ್ಲ. ಆ ಓದುಗನನ್ನು ಒದಗಿಸಿದವರು ಇನ್ನೊಬ್ಬ ಶಿಕ್ಷಕರು.

ಶಾಲಾ ಪತ್ರವ್ಯವಹಾರ

ಫ್ರೆನೆ ಅವರು ತಮ್ಮ ಪ್ರಯೋಗವನ್ನು ಕುರಿತು ಶಿಕ್ಷಕ ಸಂಘಟನೆಯ ಪತ್ರಿಕೆಗಳಲ್ಲಿ ಲೇಖನಗಳನ್ನು ಬರೆದರು. ಅವನ್ನು ಓದಿದ ಕೆಲವು ಶಿಕ್ಷಕರು ಪತ್ರ ಬರೆದು ವಿವರ ಕೇಳಿದರು, ತಾವೂ ಯಂತ್ರ ತರಿಸಿದರು. ಅವರಲ್ಲಿ ಪ್ರಮುಖರು ಫ್ರಾನ್ಸಿನ ವಾಯವ್ಯ ತುದಿಯಲ್ಲಿರುವ ಬ್ರಿಟಾನಿಯ ತ್ರೇಗಂಕ್ ಪ್ರದೇಶದ ಶಿಕ್ಷಕ ರೆನೆ ದಾನಿಯೆಲ್. 1926ರ ಶರತ್ಕಾಲದಲ್ಲಿ ಈ ಎರಡು ಶಾಲೆಗಳ ನಡುವೆ ನಿಯಮಿತ ವಿನಿಮಯ ಆರಂಭವಾಯಿತು. ಒಂದು ಕಡೆ ಬೆಟ್ಟದ ರೈತರ ಮಕ್ಕಳು, ಇನ್ನೊಂದು ಕಡೆ ಅಟ್ಲಾಂಟಿಕ್ ಕರಾವಳಿಯ ಮೀನುಗಾರರ ಮಕ್ಕಳು. ಮುದ್ರಿತ ಹಾಳೆಗಳು, ಪತ್ರಗಳು, ತಮ್ಮ ತಮ್ಮ ಊರಿನ ವಸ್ತುಗಳನ್ನು ತುಂಬಿದ ಪೊಟ್ಟಣಗಳು ಅಂಚೆಯಲ್ಲಿ ಸಂಚರಿಸಿದವು. ದೂರದ ಗೆಳೆಯರಿಗೆ ಅರ್ಥವಾಗುವಂತೆ ಬರೆಯಬೇಕಾದುದರಿಂದ ಮಕ್ಕಳು ತಮ್ಮ ಊರನ್ನೇ ಹೊಸದಾಗಿ ನೋಡಲು ಕಲಿತರು. ಭೂಗೋಳವು ಮಕ್ಕಳಿಗೆ ಗೆಳೆಯರ ಊರಿನ ಸುದ್ದಿಯಾಯಿತು.

ಶಿಕ್ಷಕರಿಗಾದ ಲಾಭವೂ ಕಡಿಮೆಯದಲ್ಲ. ಮಕ್ಕಳ ಹಾಳೆಗಳ ಜೊತೆಯಲ್ಲಿ ಶಿಕ್ಷಕರ ಪತ್ರಗಳೂ ಹೋಗಿಬರುತ್ತಿದ್ದವು. ಯಾವ ಕೆಲಸ ಕೈಗೂಡಿತು, ಯಾವುದು ಕೆಟ್ಟಿತು, ಸಣ್ಣ ಮಕ್ಕಳಿಗೆ ಯಾವ ಅಳತೆಯ ಮೊಳೆ ಸರಿಹೊಂದುತ್ತದೆ ಎಂಬಂಥ ವಿಷಯಗಳನ್ನು ಅವರು ಹಂಚಿಕೊಂಡರು. ಮೇಲಧಿಕಾರಿಯ ತಪಾಸಣೆಯಲ್ಲಿ ಮರೆಮಾಚಬೇಕಾದ ಸೋಲನ್ನು ಸಮಾನಸ್ಥಿತಿಯ ಗೆಳೆಯನಿಗೆ ಅಳುಕಿಲ್ಲದೆ ಹೇಳಬಹುದಾಗಿತ್ತು. ಈ ಪ್ರಾಮಾಣಿಕತೆಯೇ ಮುಂದೆ ಬೆಳೆದ ಚಳವಳಿಗೆ ತಳಹದಿಯಾಯಿತು.

ಇದೇ 1926ರಲ್ಲಿ ಫ್ರೆನೆ ಅವರು ಶಿಕ್ಷಕಿಯೂ ಚಿತ್ರಕಲಾವಿದೆಯೂ ಆಗಿದ್ದ ಎಲೀಸ್ ಲಾಗ್ಯೆ-ಬ್ರುನೋ ಅವರನ್ನು ವಿವಾಹವಾದರು. ಮಕ್ಕಳ ಚಿತ್ರಕಲೆಗೆ ಚಳವಳಿಯಲ್ಲಿ ದೊರೆತ ಸ್ಥಾನವು ಮುಖ್ಯವಾಗಿ ಎಲೀಸ್ ಅವರ ಕೊಡುಗೆ. ಚಳವಳಿಯ ಆರಂಭದ ವರ್ಷಗಳ ಇತಿಹಾಸವನ್ನು ಮುಂದೆ ಬರೆದವರೂ ಅವರೇ.

ಸಹಕಾರ ಸಂಘದ ಸ್ಥಾಪನೆ

ಪತ್ರಮಿತ್ರರ ಸಂಖ್ಯೆ ಹೆಚ್ಚಿದಂತೆ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಉತ್ತರಿಸುವುದು ಕಷ್ಟವಾಯಿತು. ಆದ್ದರಿಂದ ಶಾಲಾಮುದ್ರಣವನ್ನು ಕುರಿತ ಸಣ್ಣ ಪತ್ರಿಕೆಯೊಂದು ಆರಂಭವಾಯಿತು. ಇದೇ ಪತ್ರಿಕೆ ಹೆಸರುಗಳನ್ನು ಬದಲಿಸುತ್ತ ಮುಂದೆ 'ಲೆದ್ಯುಕಾತರ್' (ಶಿಕ್ಷಕ) ಎಂದಾಯಿತು. ವಿವಿಧ ಶಾಲೆಗಳ ಮಕ್ಕಳ ಬರಹಗಳನ್ನು ಒಟ್ಟುಗೂಡಿಸಿ 'ಲಾ ಜೆರ್ಬ್' (ತೆನೆಯ ಕಟ್ಟು) ಎಂಬ ಮಕ್ಕಳ ಪತ್ರಿಕೆಯನ್ನು ಹೊರತರಲಾಯಿತು.

1927ರಲ್ಲಿ ತೂರ್ ನಗರದಲ್ಲಿ ಶಿಕ್ಷಕ ಸಂಘಟನೆಯ ಸಮಾವೇಶದ ಜೊತೆಯಲ್ಲಿಯೇ ಶಾಲಾಮುದ್ರಕ ಶಿಕ್ಷಕರ ಮೊದಲ ಸಮಾವೇಶ ನಡೆಯಿತು. ಅಲ್ಲಿಯವರೆಗೆ ಕೈಬರಹದಿಂದ ಮಾತ್ರ ಪರಿಚಿತರಾಗಿದ್ದ ಅನೇಕರು ಮುಖತಃ ಭೇಟಿಯಾದುದು ಅಲ್ಲಿ. ಶಾಲೆಗಳಿಗೆ ಚಲನಚಿತ್ರಗಳನ್ನು ಒದಗಿಸಲು ಶಿಕ್ಷಕರೇ ಕಟ್ಟಿಕೊಂಡಿದ್ದ ಇನ್ನೊಂದು ಸಹಕಾರ ಸಂಸ್ಥೆಯೊಡನೆ ಈ ಗುಂಪು ಬೆರೆತು, 1928ರ ವೇಳೆಗೆ ಲೌಕಿಕ ಶಿಕ್ಷಣ ಸಹಕಾರ ಸಂಘವು ಅಸ್ತಿತ್ವಕ್ಕೆ ಬಂದಿತು. ಸದಸ್ಯರು ಶಿಕ್ಷಕರು, ಬಂಡವಾಳ ಅವರ ವಂತಿಗೆ, ತಯಾರಿಕೆ ಅವರ ತರಗತಿಗೆ ಬೇಕಾದ ಸಲಕರಣೆ.

ಚಳವಳಿಯ ಕಾರ್ಯವಿಧಾನ

ಸಹಕಾರ ಸಂಘವು ಸಾಮಗ್ರಿಗಳ ಮಾರಾಟಕ್ಕೆ ಸೀಮಿತವಾಗಿರಲಿಲ್ಲ. ಶಿಕ್ಷಕರು ಅಲ್ಲಿ ಪರಸ್ಪರ ಕಲಿತ ಮುಖ್ಯ ಬಗೆಗಳು ಇವು:

ಕಾರ್ಡುಗಳ ಸಂಗ್ರಹ: ಒಂದೇ ಪಠ್ಯಪುಸ್ತಕದ ಬದಲಿಗೆ ಬೇರೆಬೇರೆ ವಿಷಯಗಳ ಬಿಡಿ ಕಾರ್ಡುಗಳನ್ನು ಸಿದ್ಧಪಡಿಸುವ ಕೆಲಸ 1920ರ ದಶಕದ ಕೊನೆಯಲ್ಲಿ ಮೊದಲಾಯಿತು. ಒಬ್ಬ ಶಿಕ್ಷಕನು ತನ್ನ ಜೀವಮಾನದಲ್ಲಿ ತಯಾರಿಸಲಾಗದ ಸಂಗ್ರಹವನ್ನು ಹಲವರು ಹಂಚಿಕೊಂಡು ಕೆಲವೇ ವರ್ಷಗಳಲ್ಲಿ ರೂಪಿಸಿದರು. ಗಣಿತ, ವ್ಯಾಕರಣಗಳಲ್ಲಿ ಮಗು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳಬಹುದಾದ ಕಾರ್ಡುಗಳೂ ಬಂದವು.

ಅಧ್ಯಯನ ಪುಸ್ತಿಕೆಗಳು: 1932ರಿಂದ 'ಬಿಬ್ಲಿಯೋತೆಕ್ ದ ತ್ರಾವಾಯ್' ಎಂಬ ಕಿರುಪುಸ್ತಿಕೆಗಳ ಮಾಲೆ ಹೊರಬಂದಿತು. ಹಳೆಯ ಕಾಲದ ಬಂಡಿಗಳು ಈ ಮಾಲೆಯ ಮೊದಲ ಪುಸ್ತಿಕೆಯ ವಸ್ತು. ಶಿಕ್ಷಕರೇ ಬರೆದ ಕರಡುಗಳನ್ನು ಬೇರೆ ಶಿಕ್ಷಕರೂ ಅವರ ತರಗತಿಯ ಮಕ್ಕಳೂ ಓದಿ, ಅರ್ಥವಾಗದ ಭಾಗಗಳನ್ನು ಗುರುತಿಸಿದ ಮೇಲೆ ಅಚ್ಚಿಗೆ ಕಳುಹಿಸುವ ಪದ್ಧತಿ ಬೆಳೆಯಿತು.

ಸುತ್ತುವ ಪುಸ್ತಕ: ಒಂದು ಪ್ರಶ್ನೆಯನ್ನು ಬರೆದ ಟಿಪ್ಪಣಿ ಪುಸ್ತಕವು ಅಂಚೆಯಲ್ಲಿ ಒಬ್ಬ ಶಿಕ್ಷಕರಿಂದ ಇನ್ನೊಬ್ಬರಿಗೆ ಸಾಗುತ್ತಿತ್ತು. ಪ್ರತಿಯೊಬ್ಬರೂ ತಮ್ಮ ಅನುಭವವನ್ನು ಸೇರಿಸಿ ಮುಂದಿನವರಿಗೆ ಕಳುಹಿಸುತ್ತಿದ್ದರು. ಪುಸ್ತಕ ಮೊದಲಿಟ್ಟವರ ಕೈಗೆ ಮರಳುವಾಗ ಅದರಲ್ಲಿ ಹಲವು ತರಗತಿಗಳ ಅನುಭವ ಸೇರಿರುತ್ತಿತ್ತು.

ಸಮಾವೇಶಗಳು: ಆರಂಭದಲ್ಲಿ ಶಿಕ್ಷಕ ಸಂಘಟನೆಯ ಸಭೆಗಳ ಜೊತೆಯಲ್ಲಿ ನಡೆಯುತ್ತಿದ್ದ ಸಮಾವೇಶಗಳು ಎರಡನೆಯ ಮಹಾಯುದ್ಧದ ನಂತರ ಈಸ್ಟರ್ ರಜೆಯಲ್ಲಿ ನಡೆಯತೊಡಗಿದವು. ಮಕ್ಕಳ ಕೃತಿಗಳ ಪ್ರದರ್ಶನ, ಉಪಕರಣಗಳ ಪ್ರಾತ್ಯಕ್ಷಿಕೆ, ಸಣ್ಣ ಗುಂಪುಗಳ ಚರ್ಚೆ ಇವುಗಳಿಗೆ ಉಪನ್ಯಾಸಗಳಷ್ಟೇ ಪ್ರಾಧಾನ್ಯವಿತ್ತು.

ಸೇಂ-ಪೋಲ್ ಪ್ರಕರಣ

1928ರಲ್ಲಿ ಫ್ರೆನೆ ದಂಪತಿಗಳು ಸಮೀಪದ ಸೇಂ-ಪೋಲ್ ಗ್ರಾಮಕ್ಕೆ ಬಂದರು. ಅಲ್ಲಿನ ಶಾಲಾ ಕಟ್ಟಡ ದುಃಸ್ಥಿತಿಯಲ್ಲಿತ್ತು. ಶೌಚ ವ್ಯವಸ್ಥೆ ಮತ್ತು ಉಚಿತ ಲೇಖನ ಸಾಮಗ್ರಿಗಳಿಗಾಗಿ ಫ್ರೆನೆ ಅವರು ಒತ್ತಾಯಿಸಿದುದು ಸ್ಥಳೀಯ ಮುಖಂಡರಿಗೆ ಸಮ್ಮತವಾಗಲಿಲ್ಲ. ಇವರು ಕಮ್ಯೂನಿಸ್ಟ್ ಪಕ್ಷದ ಸದಸ್ಯರಾಗಿದ್ದುದು ವಿರೋಧವನ್ನು ಇನ್ನಷ್ಟು ಹೆಚ್ಚಿಸಿತು. 1932ರ ಕೊನೆಯಲ್ಲಿ ಊರ ಗೋಡೆಗಳ ಮೇಲೆ ಇವರ ವಿರುದ್ಧ ಭಿತ್ತಿಪತ್ರಗಳು ಕಾಣಿಸಿಕೊಂಡವು. ಸಾಮಗ್ರಿ ಕೊಡದ ಮೇಯರನ ಮೇಲೆ ತರಗತಿ ತಿರುಗಿಬಿದ್ದಂತೆ ಮಗುವೊಂದು ಕಂಡ ಕನಸಿನ ಮುದ್ರಿತ ಬರಹವನ್ನೇ ಆಧಾರವಾಗಿಟ್ಟುಕೊಂಡು, ಶಿಕ್ಷಕರು ಮಕ್ಕಳಿಗೆ ಹಿಂಸೆಯನ್ನು ಬೋಧಿಸುತ್ತಿದ್ದಾರೆಂದು ಆಪಾದಿಸಲಾಯಿತು. ಶಾರ್ಲ್ ಮೋರಾಸ್ ಮೊದಲಾದ ಬಲಪಂಥೀಯ ಬರಹಗಾರರು ಇದನ್ನು ರಾಷ್ಟ್ರೀಯ ವಿವಾದವನ್ನಾಗಿ ಮಾಡಿದರು.

ಇಲಾಖೆಯಿಂದ ಇವರಿಗೆ ವಾಗ್ದಂಡನೆಯಾಯಿತು. 1933ರ ಏಪ್ರಿಲ್‌ನಲ್ಲಿ ವಿರೋಧಿಗಳ ಗುಂಪು ಶಾಲೆಯನ್ನು ಮುತ್ತಿತು. ಅದೇ ವರ್ಷ ಇವರನ್ನು ಸೇಂ-ಪೋಲ್‌ನಿಂದ ವರ್ಗಾಯಿಸಲಾಯಿತು. ಈ ಕಷ್ಟಕಾಲದಲ್ಲಿ ದೇಶದ ನಾನಾ ಭಾಗಗಳ ಶಿಕ್ಷಕರು ಪತ್ರಗಳು ಹಾಗೂ ಮನವಿಗಳ ಮೂಲಕ ಇವರ ಪರವಾಗಿ ನಿಂತರು. ಆ ಬೆಂಬಲವು ಇವರ ಹುದ್ದೆಯನ್ನು ಉಳಿಸಲಿಲ್ಲ. ಆದರೆ ಇವರ ಕೆಲಸ ನಿಲ್ಲಲಿಲ್ಲ. ಹತ್ತಾರು ತರಗತಿಗಳಲ್ಲಿ ಆಗಲೇ ಬೇರೂರಿದ್ದ ವಿಧಾನವನ್ನು ಒಬ್ಬ ಶಿಕ್ಷಕರ ವರ್ಗಾವಣೆಯಿಂದ ಕಿತ್ತುಹಾಕುವಂತಿರಲಿಲ್ಲ.

ಸರ್ಕಾರಿ ಶಾಲೆಯನ್ನು ತೊರೆದ ಫ್ರೆನೆ ಅವರು ವಾಂಸ್ ಊರಿನ ಸಮೀಪದ ಗುಡ್ಡದ ಮೇಲೆ ತಮ್ಮದೇ ಶಾಲೆಯನ್ನು ಕಟ್ಟಿ 1935ರಲ್ಲಿ ತೆರೆದರು. ಅಧಿಕೃತ ಮಾನ್ಯತೆ ದೊರೆಯಲು ಜನರಂಗ ಸರ್ಕಾರವು ಅಧಿಕಾರಕ್ಕೆ ಬರುವವರೆಗೆ ಕಾಯಬೇಕಾಯಿತು. ಸ್ಪೇನಿನ ಅಂತರ್ಯುದ್ಧದ ಕಾಲದಲ್ಲಿ ಈ ಶಾಲೆಯು ಅಲ್ಲಿನ ನಿರಾಶ್ರಿತ ಮಕ್ಕಳಿಗೆ ಆಶ್ರಯ ನೀಡಿತು.

ಸ್ಪೇನಿನ ಶಿಕ್ಷಕರು

ಸ್ಪೇನಿನೊಡನೆ ಚಳವಳಿಗೆ ನಿಕಟ ಸಂಬಂಧವಿತ್ತು. ಕೆಟಲೋನಿಯಾದ ಯೇಯಿದಾ ಪ್ರಾಂತದಲ್ಲಿ ಶಾಲಾ ತಪಾಸಣಾಧಿಕಾರಿ ಎರ್ಮಿನ್ಯೋ ಅಲ್ಮೆಂದ್ರೋಸ್ ಅವರ ಸುತ್ತ ಫ್ರೆನೆ ವಿಧಾನವನ್ನು ಅನುಸರಿಸುವ ಶಿಕ್ಷಕರ ಗುಂಪು ಬೆಳೆದಿತ್ತು. 1933ರಲ್ಲಿ ಫ್ರೆನೆ ಅವರು ಬಾರ್ಸಿಲೋನಾಕ್ಕೆ ಹೋಗಿ ಉಪನ್ಯಾಸ ನೀಡಿದರು.

ಈ ವಿಧಾನವನ್ನು ಅನುಸರಿಸಿದವರಲ್ಲಿ ಅಂತೋನಿ ಬೆನಾಯ್ಜೆಸ್ ಒಬ್ಬರು. ಬುರ್ಗೋಸ್ ಪ್ರಾಂತದ ಬನ್ಯುವೆಲೋಸ್ ದೆ ಬುರೆಬಾ ಎಂಬ ಕುಗ್ರಾಮಕ್ಕೆ 1934ರಲ್ಲಿ ಬಂದ ಅವರು ಸ್ವಂತ ಹಣದಿಂದ ಮುದ್ರಣ ಯಂತ್ರವನ್ನು ಕೊಂಡು ತಂದರು. ಸಮುದ್ರವನ್ನು ಎಂದೂ ಕಾಣದ ಆ ಮಕ್ಕಳು ಸಮುದ್ರ ಹೇಗಿರಬಹುದೆಂದು ಊಹಿಸಿ ಬರೆದ ಪುಸ್ತಿಕೆಯನ್ನು 1936ರಲ್ಲಿ ಮುದ್ರಿಸಿದರು. ಆ ಬೇಸಿಗೆಯಲ್ಲಿ ಅವರನ್ನು ಕಡಲತೀರಕ್ಕೆ ಕರೆದೊಯ್ಯುವುದಾಗಿ ಬೆನಾಯ್ಜೆಸ್ ಮಾತು ಕೊಟ್ಟಿದ್ದರು. ಜುಲೈ ತಿಂಗಳಲ್ಲಿ ಸೈನಿಕ ದಂಗೆ ಆರಂಭವಾದ ಕೆಲವೇ ದಿನಗಳಲ್ಲಿ ಅವರನ್ನು ಕೊಲ್ಲಲಾಯಿತು. ಮಕ್ಕಳ ಪ್ರವಾಸ ನಡೆಯಲಿಲ್ಲ.

ಯುದ್ಧದಲ್ಲಿ ಗಣರಾಜ್ಯ ಪಕ್ಷವು ಸೋತ ಮೇಲೆ ಗುಂಪಿನ ಅನೇಕರು ದೇಶಾಂತರ ಹೋದರು. ಅಲ್ಮೆಂದ್ರೋಸ್ ಕ್ಯೂಬಾದಲ್ಲಿ, ಪಾತ್ರಿಸ್ಯೋ ರೆದೊಂದೋ ಹಾಗೂ ಹೊಸೆ ದೆ ತಾಪಿಯಾ ಮೆಕ್ಸಿಕೋದಲ್ಲಿ ಈ ಕಾರ್ಯವನ್ನು ಮುಂದುವರಿಸಿದರು.

ಬಂಧನ ಮತ್ತು ಯುದ್ಧಕಾಲ

ಎರಡನೆಯ ಮಹಾಯುದ್ಧ ಆರಂಭವಾದ ಬಳಿಕ, 1940ರ ಮಾರ್ಚ್‌ನಲ್ಲಿ ಫ್ರೆನೆ ಅವರನ್ನು ರಾಜಕೀಯ ಕಾರಣಗಳಿಂದ ಬಂಧಿಸಿ ಹಲವು ಶಿಬಿರಗಳಲ್ಲಿ ಇಡಲಾಯಿತು. ಆರೋಗ್ಯ ಕೆಟ್ಟುದರಿಂದ 1941ರ ಅಕ್ಟೋಬರ್‌ನಲ್ಲಿ ಬಿಡುಗಡೆ ಮಾಡಿ, ಆಲ್ಪ್ಸ್ ಪರ್ವತದ ವಾಲೂಯಿಸ್ ಗ್ರಾಮದಲ್ಲಿ ಕಾವಲಿನಲ್ಲಿರಿಸಲಾಯಿತು. ಪತ್ರಿಕೆಯಿಲ್ಲದ, ಸಮಾವೇಶಗಳಿಲ್ಲದ ಈ ವರ್ಷಗಳಲ್ಲಿಯೇ ಇವರು ತಮ್ಮ ಮುಖ್ಯ ಸೈದ್ಧಾಂತಿಕ ಕೃತಿಗಳನ್ನು ರಚಿಸಿದರು. ಕೊನೆಗೆ ಪ್ರತಿರೋಧ ಚಳವಳಿಯನ್ನು ಸೇರಿ, 1944ರಲ್ಲಿ ಆ ಜಿಲ್ಲೆಯ ವಿಮೋಚನಾ ಸಮಿತಿಯಲ್ಲಿ ಕೆಲಸ ಮಾಡಿದರು.

ಆಧುನಿಕ ಶಾಲಾ ಚಳವಳಿ

ಯುದ್ಧಾನಂತರ ಚದುರಿದ್ದ ಶಿಕ್ಷಕರು ಮತ್ತೆ ಒಂದಾದರು. 1947ರಲ್ಲಿ ಆಧುನಿಕ ಶಾಲೆಯ ಸಹಕಾರಿ ಸಂಸ್ಥೆ ಸ್ಥಾಪನೆಯಾಯಿತು. ಸಹಕಾರ ಸಂಘವು ಉತ್ಪಾದನೆಯನ್ನೂ ಈ ಸಂಸ್ಥೆಯು ಶೈಕ್ಷಣಿಕ ಸಂಶೋಧನೆಯನ್ನೂ ವಹಿಸಿಕೊಂಡವು. 1949ರಲ್ಲಿ ಜಾನ್-ಪೋಲ್ ಲ ಶಾನ್ವಾ ಅವರು ಫ್ರೆನೆ ಅವರ ಅನುಭವಗಳನ್ನು ಆಧರಿಸಿ 'ಲೆಕೋಲ್ ಬ್ಯುಯಿಸೋನ್ಯೇರ್' ಎಂಬ ಚಲನಚಿತ್ರವನ್ನು ನಿರ್ದೇಶಿಸಿದರು. 1951ರಲ್ಲಿ ಇಟಲಿಯ ಶಿಕ್ಷಕರು ಶಾಲಾಮುದ್ರಣದ ಸಹಕಾರ ಸಂಘವನ್ನು ಕಟ್ಟಿದರು. 1957ರಲ್ಲಿ ವಿವಿಧ ದೇಶಗಳ ಇಂಥ ಗುಂಪುಗಳ ಅಂತರರಾಷ್ಟ್ರೀಯ ಒಕ್ಕೂಟವು ರೂಪುಗೊಂಡಿತು.

ಭಿನ್ನಾಭಿಪ್ರಾಯಗಳು

ಚಳವಳಿಯಲ್ಲಿ ಬಿರುಕುಗಳೂ ಉಂಟಾದವು. 1940ರ ದಶಕದ ಕೊನೆಯಲ್ಲಿ ಫ್ರೆನೆ ಅವರು ಕಮ್ಯೂನಿಸ್ಟ್ ಪಕ್ಷದಿಂದ ದೂರವಾದರು. 1950ರಿಂದ ಆ ಪಕ್ಷದ ಪತ್ರಿಕೆಗಳಲ್ಲಿ ಇವರ ವಿಧಾನದ ವಿರುದ್ಧ ಟೀಕೆಗಳು ಪ್ರಕಟವಾದವು. ಇದರಿಂದ ಕೆಲವು ಹಳೆಯ ಸಂಗಾತಿಗಳು ಇಕ್ಕಟ್ಟಿಗೆ ಸಿಲುಕಿದರು.

1960ರ ದಶಕದ ಆರಂಭದಲ್ಲಿ ಪ್ಯಾರಿಸ್ ಪ್ರದೇಶದ ಫೆರ್ನಾನ್ ಊರಿ, ರೇಮೋನ್ ಫೋನ್ವ್ಯೇಯ್ ಮೊದಲಾದವರು ಬೇರೆಯಾದರು. ಹಳ್ಳಿಯ ಚಿಕ್ಕ ಶಾಲೆಯಲ್ಲಿ ಹುಟ್ಟಿದ ವಿಧಾನವು ಮಹಾನಗರದ ದೊಡ್ಡ ಶಾಲೆಗಳಿಗೆ ಹಾಗೆಯೇ ಹೊಂದುವುದಿಲ್ಲವೆಂಬುದು ಅವರ ವಾದದ ಒಂದು ಅಂಶ. ಸಮಾನರ ಸಹಕಾರವೆಂದು ಆರಂಭವಾದ ಚಳವಳಿಯಲ್ಲಿ ಸ್ಥಾಪಕರ ಮಾತೇ ಅಂತಿಮವಾಗುತ್ತಿದೆಯೆಂಬುದು ಇನ್ನೊಂದು ಆಕ್ಷೇಪ. ಬೇರೆಯಾದ ಊರಿ ಅವರು ಸಾಂಸ್ಥಿಕ ಶಿಕ್ಷಣಕ್ರಮವೆಂಬ ಹೊಸ ಧಾರೆಯನ್ನು ಬೆಳೆಸಿದರು. ತರಗತಿಯ ಸಭೆ, ಮುದ್ರಣ, ಪತ್ರವ್ಯವಹಾರ ಅದರಲ್ಲಿಯೂ ಉಳಿದುಕೊಂಡವು.

ಚಿಂತನೆ ಮತ್ತು ಕೃತಿಗಳು

ಮಗು ತಡಕಾಡುತ್ತ, ಪ್ರಯತ್ನಿಸುತ್ತ, ತಪ್ಪನ್ನು ತಿದ್ದಿಕೊಳ್ಳುತ್ತ ಕಲಿಯುತ್ತದೆ ಎಂಬುದು ಫ್ರೆನೆ ಅವರ ಚಿಂತನೆಯ ತಿರುಳು. ಶಿಕ್ಷಕನೂ ಹಾಗೆಯೇ ಕಲಿಯುತ್ತಾನೆಂದು ಇವರು ಭಾವಿಸಿದ್ದರು. ಆದ್ದರಿಂದಲೇ ಇವರು ತಮ್ಮ ಕಾರ್ಯವನ್ನು ಸಿದ್ಧ ಪದ್ಧತಿಯೆಂದು ಕರೆಯದೆ, ಅನುಭವದಿಂದ ಬದಲಾಗುತ್ತ ಹೋಗುವ ತಂತ್ರಗಳೆಂದು ಕರೆದರು. ಶಾಲಾಮುದ್ರಣವನ್ನು ಕುರಿತ ಪುಸ್ತಕ, ದುಡಿಮೆಯ ಮೂಲಕ ಶಿಕ್ಷಣವನ್ನು ವಿವರಿಸುವ 'ಲೆದ್ಯುಕಾಸ್ಯೋನ್ ದ್ಯು ತ್ರಾವಾಯ್', ಹಳ್ಳಿಯ ವಿವೇಕಿಯೊಬ್ಬನ ಮೂಲಕ ಶಿಕ್ಷಣತತ್ತ್ವವನ್ನು ತಿಳಿಸುವ 'ಲೆ ದಿ ದ ಮಾತ್ಯೂ' ಮತ್ತು 30 ಮೂಲಸೂತ್ರಗಳನ್ನೊಳಗೊಂಡ 1964ರ ಕಿರುಕೃತಿ ಇವರ ಮುಖ್ಯ ರಚನೆಗಳು.

ನಿಧನ ಮತ್ತು ಪರಂಪರೆ

ಫ್ರೆನೆ ಅವರು 1966ರ ಅಕ್ಟೋಬರ್ 8ರಂದು ವಾಂಸ್‌ನಲ್ಲಿ ನಿಧನರಾದರು. ಹುಟ್ಟೂರಾದ ಗಾರ್ಸ್‌ನಲ್ಲಿ ಇವರ ಸಮಾಧಿಯಿದೆ. ಎಲೀಸ್ ಅವರು 1983ರಲ್ಲಿ ತೀರಿಕೊಂಡರು. ವಾಂಸ್‌ನ ಶಾಲೆಯನ್ನು ಫ್ರೆಂಚ್ ಸರ್ಕಾರವು 1991ರಲ್ಲಿ ಕೊಂಡುಕೊಂಡಿತು. ಸರ್ಕಾರಿ ಹುದ್ದೆಯಿಂದ ಹೊರಬರಬೇಕಾಗಿ ಬಂದ ಶಿಕ್ಷಕರು ಕಟ್ಟಿದ ಶಾಲೆಯು ಹೀಗೆ ಸರ್ಕಾರದ ಶಾಲೆಯಾಯಿತು.

ಅಚ್ಚಿನ ಮೊಳೆಗಳ ಕಾಲ ಈಗ ಮುಗಿದಿದೆ. ಆದರೂ ಫ್ರೆನೆ ಶಿಕ್ಷಕರ ಗುಂಪುಗಳು ಹಲವು ದೇಶಗಳಲ್ಲಿ ಇಂದಿಗೂ ಕೆಲಸ ಮಾಡುತ್ತಿವೆ. ಅಂತರರಾಷ್ಟ್ರೀಯ ಒಕ್ಕೂಟದ ಸಮಾವೇಶವು ಸಾಮಾನ್ಯವಾಗಿ ಎರಡು ವರ್ಷಗಳಿಗೊಮ್ಮೆ ಬೇರೆಬೇರೆ ದೇಶಗಳಲ್ಲಿ ನಡೆಯುತ್ತದೆ. 1926ರಲ್ಲಿ ಬಾರ್-ಸುರ್-ಲೂ ಮತ್ತು ತ್ರೇಗಂಕ್ ಶಾಲೆಗಳ ನಡುವೆ ಇಬ್ಬರು ಶಿಕ್ಷಕರು ಆರಂಭಿಸಿದ ವಿನಿಮಯವನ್ನು, ಸಾಧನಗಳು ಬದಲಾದರೂ, ಆ ಸಮಾವೇಶಕ್ಕೆ ಬರುವ ಶಿಕ್ಷಕರು ಮುಂದುವರಿಸುತ್ತಿದ್ದಾರೆ.